ಇ.ಆರ್.ಕೆ. ಪ್ರೋಟೀನನ್ನು ಗುರುತಿಸುವ ಪ್ರತಿಕಾಯ

ಕೇಳುಗರಿಗೆ ನಮಸ್ಕಾರ.

ಬೆಳೆಯಬೇಕು, ವಿಭಜನೆಗೊಳ್ಳಬೇಕು ಎಂಬ ಸೂಚನೆ ಜೀವಕೋಶದ ಹೊರಗಿನಿಂದ ಬಂದಾಗ ಅದನ್ನು ಕೋಶಪೊರೆಯಿಂದ ಕೋಶಕೇಂದ್ರದವರೆಗೆ ಕೈಯಿಂದ ಕೈಗೆ ದಾಟಿಸುವ ಪ್ರೋಟೀನುಗಳ ಸಾಲೊಂದಿದೆ. ರಾಸ್, ರಾಫ್, ಮೆಕ್ ಆದ ಮೇಲೆ ಬರುವುದೇ ಇ.ಆರ್.ಕೆ. ಸುಮಾರು 44 ಮತ್ತು 42 ಕಿಲೋಡಾಲ್ಟನ್ ತೂಕದ ಎರಡು ರೂಪಗಳಲ್ಲಿ ಇದು ಕೋಶದಲ್ಲಿ ಸದಾ ಇದ್ದೇ ಇರುತ್ತದೆ. ಆದರೆ ಅದರ ಥ್ರಿಯೋನೀನ್ ಒಂದಕ್ಕೂ ಸನಿಹದ ಟೈರೋಸೀನ್ ಒಂದಕ್ಕೂ (ಇವೆರಡೂ ಪ್ರೋಟೀನಿನ ಬಿಡಿಭಾಗಗಳಾದ ಅಮೈನೋ ಆಮ್ಲಗಳು) ಮೆಕ್ ಕಿಣ್ವವು ಫಾಸ್ಫೇಟನ್ನು ಜೋಡಿಸಿದ ಮೇಲೆಯೇ ಅದು ಪೂರ್ಣವಾಗಿ ಕೆಲಸಕ್ಕಿಳಿಯುತ್ತದೆ. ಆದ್ದರಿಂದ ಪ್ರೋಟೀನು ಇದೆಯೇ ಎಂದು ಕೇಳಿದರೆ ಸಾಲದು, ಅದು ಎಚ್ಚೆತ್ತಿದೆಯೇ ಎಂದು ಕೇಳಬೇಕು.

ಈ ಪ್ರಶ್ನೆಗೆ ಉತ್ತರಿಸಲೆಂದೇ, ಫಾಸ್ಫೇಟ್ ಹೊತ್ತ ಇ.ಆರ್.ಕೆ.ಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯಗಳನ್ನು, ಅಂದರೆ ದೇಹದ ರಕ್ಷಣಾ ವ್ಯವಸ್ಥೆ ಹೊರಗಿನ ವಸ್ತುವನ್ನು ಗುರುತಿಸಲು ರೂಪಿಸುವಂಥ ಪ್ರೋಟೀನುಗಳನ್ನು, ತಯಾರಿಸಲಾಗಿದೆ. ಪ್ರೋಟೀನಿನ ಆ ಭಾಗದ ಕಿರುತುಣುಕನ್ನು ಫಾಸ್ಫೇಟ್ ಸಮೇತ ಕೃತಕವಾಗಿ ರಚಿಸಿ, ದೊಡ್ಡ ಪ್ರೋಟೀನೊಂದಕ್ಕೆ ಜೋಡಿಸಿ ಮೊಲಕ್ಕೆ ಚುಚ್ಚುತ್ತಾರೆ. ಅದರ ರಕ್ತಸಾರದಲ್ಲಿ ಮೂಡುವ ಪ್ರತಿಕಾಯಗಳ ಪೈಕಿ, ಫಾಸ್ಫೇಟ್ ಇಲ್ಲದ ತುಣುಕಿಗೂ ಅಂಟುವಂಥವನ್ನು ಸೋಸಿ ಹೊರಹಾಕುತ್ತಾರೆ. ಹೀಗೆ ಹಲವು ಬಗೆಯವು ಬೆರೆತ ರಕ್ತಸಾರದ ಬದಲು, ಒಂದೇ ಕೋಶದ ಸಂತತಿಯಿಂದ ಒಂದೇ ಬಗೆಯ ಪ್ರತಿಕಾಯವನ್ನು ಪಡೆಯುವ ಇನ್ನೊಂದು ದಾರಿಯನ್ನು ವಿಜ್ಞಾನಿಗಳಾದ ಕೋಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ತೋರಿಸಿದರು. 1984ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಬ್ಬರೂ ಪಾಲು ಪಡೆದರು.

ಇನ್ನು ಬಳಕೆಯ ವಿಚಾರ. ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಬೆಳವಣಿಗೆಯ ಅಂಶವೊಂದನ್ನು ಹಾಕಿ, ಐದು ನಿಮಿಷ ಕಾದು, ತಟ್ಟೆಯನ್ನು ಮಂಜುಗಡ್ಡೆಯ ಮೇಲಿಡುತ್ತೇವೆ. ಇಲ್ಲಿ ತಡಮಾಡುವಂತಿಲ್ಲ. ಕೋಶ ಒಡೆದ ಮೇಲೂ, ಫಾಸ್ಫೇಟನ್ನು ಕಿತ್ತುಹಾಕುವ ಫಾಸ್ಫಟೇಸ್ ಕಿಣ್ವಗಳು ಸುಮ್ಮನಿರುವುದಿಲ್ಲ. ಅವುಗಳನ್ನು ತಡೆಯುವ ರಾಸಾಯನಿಕಗಳನ್ನು ಮೊದಲೇ ಬೆರೆಸಿರದಿದ್ದರೆ, ನಾವು ಹುಡುಕುತ್ತಿರುವ ಗುರುತನ್ನೇ ಅವು ಅಳಿಸಿಬಿಡುತ್ತವೆ. ಬಳಿಕ ಪ್ರೋಟೀನುಗಳನ್ನು ಜೆಲ್‌ನಲ್ಲಿ ತೂಕದ ಪ್ರಕಾರ ಬೇರ್ಪಡಿಸಿ, ತೆಳುವಾದ ಪೊರೆಗೆ ವರ್ಗಾಯಿಸಿ, ಪೊರೆಯ ಖಾಲಿ ಜಾಗಗಳನ್ನು ಬೇರೊಂದು ಪ್ರೋಟೀನಿನಿಂದ ಮುಚ್ಚಿ, ರಾತ್ರಿಯಿಡೀ ಪ್ರತಿಕಾಯದ ದ್ರಾವಣದಲ್ಲಿ ನೆನೆಸುತ್ತೇವೆ. ಪ್ರತಿಕಾಯ ಅಂಟಿದ ಕಡೆ ಬೆಳಕು ಹೊಮ್ಮುವಂತೆ ಮಾಡಿ ಅದನ್ನು ಫಿಲ್ಮಿನ ಮೇಲೆ ಹಿಡಿದರೆ, ಅಲ್ಲಿ ಕಪ್ಪು ಗೆರೆ ಮೂಡುತ್ತದೆ.

ಮೊದಲ ಸಲ ನಾನು ಖಾಲಿ ಜಾಗ ಮುಚ್ಚಲು ಹಾಲಿನ ಪುಡಿಯನ್ನು ಬಳಸಿದ್ದೆ. ಹಾಲಿನ ಕೇಸೀನ್ ಸ್ವತಃ ಫಾಸ್ಫೇಟ್ ಹೊತ್ತ ಪ್ರೋಟೀನು ಎಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕತ್ತಲೆಕೋಣೆಯಲ್ಲಿ ತೊಳೆದ ಫಿಲ್ಮ್ ಅಂಚಿನಿಂದ ಅಂಚಿಗೆ ಕಪ್ಪಾಗಿತ್ತು. ಮತ್ತೊಮ್ಮೆ ಹಾಲಿನ ಪುಡಿಯ ಬದಲು ಆಲ್ಬುಮಿನ್ ಎಂಬ ಪ್ರೋಟೀನನ್ನು ಬಳಸಿ ಮಾಡಿದಾಗ, ಮೇಲೊಂದು ತೆಳು ಗೆರೆ, ಅದರ ಕೆಳಗೇ ಒತ್ತಿಕೊಂಡಂತೆ ಇನ್ನೊಂದು ದಪ್ಪ ಗೆರೆ ಕಂಡವು. ಆ ಜೋಡಿಗೆರೆಗಳನ್ನು ಕಂಡಾಗಿನ ಸಂತೋಷ ಇಂದಿಗೂ ನೆನಪಿದೆ.

ಆದರೂ ಗೆರೆ ಕಂಡ ಮಾತ್ರಕ್ಕೆ ಅದು ಇ.ಆರ್.ಕೆ. ಎಂದು ಒಪ್ಪಲಾಗದು. ಪ್ರತಿಕಾಯವು ಇಡೀ ಪ್ರೋಟೀನನ್ನು ಗುರುತಿಸುವುದಿಲ್ಲ, ಅದರ ಮೇಲಿನ ಒಂದು ಪುಟ್ಟ ಆಕಾರವನ್ನಷ್ಟೇ ಗುರುತಿಸುತ್ತದೆ, ಮತ್ತು ಅದನ್ನು ಹೋಲುವ ಆಕಾರ ಬೇರೆಡೆಯೂ ಇರಬಹುದು. ಮೆಕ್ ಕಿಣ್ವವನ್ನು ತಡೆದಾಗ ಗೆರೆ ಮಾಯವಾಗಬೇಕು, ಮಾದರಿಯನ್ನು ಫಾಸ್ಫಟೇಸ್‌ಗೆ ಒಡ್ಡಿದಾಗಲೂ ಮಾಯವಾಗಬೇಕು, ಒಟ್ಟು ಇ.ಆರ್.ಕೆ.ಯನ್ನು ಗುರುತಿಸುವ ಇನ್ನೊಂದು ಪ್ರತಿಕಾಯವು ಮಾತ್ರ ಆಗಲೂ ಗೆರೆಯನ್ನು ತೋರಿಸುತ್ತಿರಬೇಕು. ಕಾಣಬಾರದ ಕಡೆ ಗೆರೆ ಕಾಣಲಿಲ್ಲ ಎಂಬ ಪುರಾವೆಯೇ ನನಗೆ ಹೆಚ್ಚು ಮುಖ್ಯವಾಗಿ ತೋರುತ್ತದೆ.

ಮೊಲದ ರಕ್ತಸಾರದಿಂದ ನೇರವಾಗಿ ಪಡೆದ ಪ್ರತಿಕಾಯವಾದರೆ ಒಂದು ಬ್ಯಾಚಿನಂತೆ ಇನ್ನೊಂದು ಇರುವುದಿಲ್ಲ. ಹಾಗಾಗಿ ಹೊಸ ಸೀಸೆ ತೆರೆಯುವ ದಿನ ಹಳೆಯದರ ಕೊನೆಯ ಹನಿಗಳನ್ನು ಉಳಿಸಿಕೊಂಡು, ಒಂದೇ ಮಾದರಿಯ ಮೇಲೆ ಎರಡನ್ನೂ ಅಕ್ಕಪಕ್ಕದಲ್ಲಿ ಪರೀಕ್ಷಿಸಿ, ಬ್ಯಾಚಿನ ಸಂಖ್ಯೆಯನ್ನು ದಿನಾಂಕದೊಡನೆ ಬರೆದಿಡುತ್ತೇವೆ.

ನಮಸ್ಕಾರ.