139 ಅಂತ ಹೇಳಿ ಸುಮ್ಮನಾದ ಪ್ರೋಗ್ರಾಮ್

ನಮಸ್ಕಾರ. ಈ ಪರದೆಯ ಕೊನೆಯ ಸಾಲು ನೋಡಿ. 139. ಅಷ್ಟೇ. ಯಾವ ಫೈಲು, ಯಾವ ಸಾಲು ಅನ್ನುವ ಸುಳಿವೇ ಇಲ್ಲ. ಮೂರು ದಿನ ನಾನು ಈ ಸಂಖ್ಯೆಯ ಬೆನ್ನು ಬಿದ್ದಿದ್ದೆ.

ಪ್ರೋಗ್ರಾಮ್ ದೊಡ್ಡದೇನಲ್ಲ. ಒಂದು ಗ್ರಂಥಾಲಯದ ಕನ್ನಡ ಪುಸ್ತಕಗಳ ಪಟ್ಟಿ ಓದಿ, ಯಾವ ವಿಭಾಗದ ಕೆಳಗೆ ಯಾವುದು ಬರುತ್ತದೆ ಅಂತ ಮರದ ಹಾಗೆ ಜೋಡಿಸುವ ಪೈಥಾನ್ ಕೋಡ್. ಪುಸ್ತಕ ಜಾಸ್ತಿ ಇದ್ದವು, ಅದಕ್ಕೇ ಕೆಲಸವನ್ನು ಒಂದೇ ಹೊತ್ತಿಗೆ ನಡೆಯುವ ನಾಲ್ಕು ಎಳೆಗಳಿಗೆ, ಅಂದರೆ ಥ್ರೆಡ್‌ಗಳಿಗೆ ಹಂಚಿದ್ದೆ. ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ಮುಗಿಯುತ್ತಿತ್ತು. ಅದೇ ಕೋಡ್, ಅದೇ ಪಟ್ಟಿ, ಪ್ರೋಗ್ರಾಮನ್ನು ಬೇಕಾದ್ದೆಲ್ಲದರ ಜೊತೆ ಕಟ್ಟಿಡುವ ಡಾಕರ್ ಕಂಟೇನರ್ ಒಳಗೆ ಹೋದರೆ ಅರ್ಧ ನಿಮಿಷಕ್ಕೆ ಸಾಯುತ್ತಿತ್ತು.

ಸಿಗ್ನಲ್ ಕೊಟ್ಟು ನಿಲ್ಲಿಸಿದ ಪ್ರೋಗ್ರಾಮಿನ ಕೊನೆಯ ಸಂಖ್ಯೆ ಅಂದರೆ 128ಕ್ಕೆ ಆ ಸಿಗ್ನಲ್ ನಂಬರ್ ಕೂಡಿಸಿದ್ದು. 139ರಲ್ಲಿ 128 ಕಳೆದರೆ 11. ಲಿನಕ್ಸ್‌ನಲ್ಲಿ 11ನೇ ಸಿಗ್ನಲ್ ಅಂದರೆ ಸೆಗ್‌ಫಾಲ್ಟ್. ಮುಟ್ಟಬಾರದ ಮೆಮೊರಿಗೆ ಕೈ ಹಾಕಿದ ಪ್ರೋಗ್ರಾಮನ್ನು ಲಿನಕ್ಸ್‌ನ ತಿರುಳಾದ ಕರ್ನಲ್ ಅಲ್ಲೇ ನಿಲ್ಲಿಸಿಬಿಡುತ್ತದೆ. ಸಿ ಬರೆಯುವವರಿಗೆ ಇದು ಹಳೆಯ ಪರಿಚಯ. ಆದರೆ ನಾನು ಬರೆದದ್ದು ಬರೀ ಪೈಥಾನ್. ನಾವು ತಪ್ಪು ಮಾಡಿದರೆ ಕೋಡ್ ಓದಿ ನಡೆಸುವ ಇಂಟರ್‌ಪ್ರಿಟರ್ ಬಾಯಿಬಿಟ್ಟು ಹೇಳಬೇಕು, ಅಲ್ವಾ? ಆ ಭರವಸೆಯ ಮೇಲೆಯೇ ನಾವು ಕೆಲಸ ಮಾಡುವುದು.

ಮೊದಲು ಮೆಮೊರಿ ಕಡಿಮೆ ಆಯಿತೇನೋ ಅಂದುಕೊಂಡು ಕಂಟೇನರ್‌ಗೆ ಜಾಸ್ತಿ ಕೊಟ್ಟೆ. ಏನೂ ಬದಲಾಗಲಿಲ್ಲ. ಆಮೇಲೆ ಫಾಲ್ಟ್‌ಹ್ಯಾಂಡ್ಲರ್ ಹಾಕಿದೆ. ಸೆಗ್‌ಫಾಲ್ಟ್ ಆದಾಗ ಯಾವ ಸಾಲಿನಲ್ಲಿ ಇದ್ದೆವು ಅಂತ ಬರೆದಿಡುವ ಸಲಕರಣೆ ಅದು, ಪೈಥಾನ್ ಜೊತೆಗೇ ಬರುತ್ತದೆ. ಅದೂ ಒಂದಕ್ಷರ ಬರೆಯಲಿಲ್ಲ. ಅವತ್ತು ರಾತ್ರಿ ನಿಜಕ್ಕೂ ಭಯವಾಯಿತು.

ಮಾರನೇ ದಿನ ಕೋರ್ ಡಂಪ್, ಅಂದರೆ ಸಾಯುವಾಗಿನ ಮೆಮೊರಿಯ ನಕಲು, ತೆಗೆದು ದೋಷ ಹುಡುಕುವ ಜಿಡಿಬಿಯಲ್ಲಿ ತೆರೆದೆ. ಇಲ್ಲಿ ಸ್ವಲ್ಪ ನಿಧಾನವಾಗಿ ಸ್ಕ್ರೋಲ್ ಮಾಡುತ್ತೇನೆ, ನೋಡಿ. ಅದದೇ ಎರಡು ಮೂರು ಹೆಸರು, ಮತ್ತೆ ಮತ್ತೆ. ಪರದೆ ಮುಗಿದರೂ ಅದೇ, ಮುಂದಿನ ಪರದೆಯಲ್ಲೂ ಅದೇ. ಒಂದು ಫಂಕ್ಷನ್ ತನ್ನನ್ನೇ ಕರೆಯುತ್ತಾ ಕರೆಯುತ್ತಾ, ಕರೆಗಳ ವಿವರ ಇಡುವ ಮೆಮೊರಿ ಜಾಗ, ಅಂದರೆ ಸ್ಟ್ಯಾಕ್, ತುಂಬಿ ಹೊರಗೆ ಚೆಲ್ಲಿತ್ತು.

ಆದರೆ ಪೈಥಾನ್‌ನಲ್ಲಿ ಇದಕ್ಕೆ ತಡೆ ಇದೆ. ಕರೆಗಳು 1000 ದಾಟಿದರೆ ರಿಕರ್ಷನ್ ಎರರ್ ಕೊಟ್ಟು ನಿಲ್ಲಬೇಕು. ಹಾಗಾದರೆ ಆ ತಡೆ ಎಲ್ಲಿ ಹೋಯಿತು?

ಅಡುಗೆಮನೆಯಲ್ಲಿ ಪಾತ್ರೆ ಒಂದರ ಮೇಲೊಂದು ಇಡುತ್ತಾ ಹೋಗುತ್ತೀರಿ ಅಂದುಕೊಳ್ಳಿ. ಪೈಥಾನ್ ಪಾತ್ರೆ ಎಣಿಸುತ್ತದೆ. ಸೂರು ಎಷ್ಟು ಎತ್ತರ ಇದೆ ಅಂತ ನೋಡುವುದಿಲ್ಲ. ನನ್ನ ಲ್ಯಾಪ್‌ಟಾಪ್‌ನ ಲಿನಕ್ಸ್‌ನಲ್ಲಿರುವುದು ಜಿಲಿಬ್‌ಸಿ ಅನ್ನುವ ಸಿ ಲೈಬ್ರರಿ, ಅಂದರೆ ಪ್ರೋಗ್ರಾಮ್‌ಗಳಿಗೆ ಮೂಲ ಸೌಲಭ್ಯ ಕೊಡುವ ಕೋಡ್. ಅಲ್ಲಿ ಒಂದು ಥ್ರೆಡ್‌ಗೆ ಸಾಮಾನ್ಯವಾಗಿ 8 ಎಂಬಿ ಸ್ಟ್ಯಾಕ್. ಕಂಟೇನರ್‌ನಲ್ಲಿದ್ದದ್ದು ಆಲ್ಪೈನ್ ಲಿನಕ್ಸ್, ಅದರ ಸಿ ಲೈಬ್ರರಿ ಮಸಲ್. ಅಲ್ಲಿ ಥ್ರೆಡ್‌ಗೆ ಸಿಗುವುದು ಬರೀ 128 ಕೆಬಿ. 2019ರಲ್ಲಿ ಮಸಲ್ 1.1.21 ಬರುವವರೆಗೆ 80 ಕೆಬಿಯೇ ಇತ್ತು. ಸಾವಿರನೇ ಪಾತ್ರೆ ಇಡುವ ಮೊದಲೇ ಸೂರು ತಗುಲಿತು. ಎಣಿಸುವವನಿಗೆ ಗೊತ್ತೇ ಆಗಲಿಲ್ಲ.

ಫಾಲ್ಟ್‌ಹ್ಯಾಂಡ್ಲರ್ ಯಾಕೆ ಮಾತಾಡಲಿಲ್ಲ ಅನ್ನುವುದೂ ಆಗ ಅರ್ಥವಾಯಿತು. ಬರೆಯಲು ಅದಕ್ಕೂ ಸ್ವಲ್ಪ ಸ್ಟ್ಯಾಕ್ ಬೇಕು. ಆ ಬಿಡಿ ಜಾಗವನ್ನು ಅದು ಮುಖ್ಯ ಥ್ರೆಡ್‌ಗೆ ಮಾತ್ರ ಎತ್ತಿಟ್ಟಿರುತ್ತದೆ. ನನ್ನ ಕೆಲಸ ನಡೆಯುತ್ತಿದ್ದದ್ದು ಬೇರೆ ಥ್ರೆಡ್‌ಗಳಲ್ಲಿ.

ಇದು ಹೊಸ ತೊಂದರೆ ಅಲ್ಲ. 2017ರಲ್ಲೇ ಪೈಥಾನ್‌ನ ಬಗ್ ಪಟ್ಟಿಯಲ್ಲಿ 32307ನೇ ನಂಬರಿನಲ್ಲಿ ದಾಖಲಾಗಿದೆ. ಪೈಥಾನ್‌ನ ಮೂಲ ಕೋಡ್ ತೆರೆದರೆ ಮ್ಯಾಕ್‌ಓಎಸ್‌ಗೆ, ಫ್ರೀಬಿಎಸ್‌ಡಿಗೆ ಥ್ರೆಡ್ ಸ್ಟ್ಯಾಕ್ ಇಷ್ಟಿರಲಿ ಅಂತ ಬೇರೆಯಾಗಿ ಬರೆದಿಟ್ಟಿದ್ದಾರೆ. ನಾವು ಬಳಸುತ್ತಿದ್ದ 3.9ರಲ್ಲಿ ಮಸಲ್‌ಗೆ ಅಂಥ ಸಾಲು ಇರಲಿಲ್ಲ. ಆಲ್ಪೈನ್‌ನವರು ತಮ್ಮ ಪೈಥಾನ್ ಕಟ್ಟುವಾಗ ಒಂದು ಫ್ಲ್ಯಾಗ್ (ಕಟ್ಟುವಾಗ ಕೊಡುವ ಸೂಚನೆ) ಸೇರಿಸಿ ಥ್ರೆಡ್ ಸ್ಟ್ಯಾಕನ್ನು 1 ಎಂಬಿ ಮಾಡಿಕೊಳ್ಳುತ್ತಾರೆ. ಡಾಕರ್‌ನ ಅಧಿಕೃತ ಇಮೇಜ್‌ನಲ್ಲೂ ಹಾಗೇ. ನಮ್ಮ ಕಂಟೇನರ್‌ನಲ್ಲಿ ಮಾತ್ರ ಪೈಥಾನನ್ನು ನಾವೇ ಮೂಲ ಕೋಡಿನಿಂದ ಕಂಪೈಲ್ ಮಾಡಿದ್ದೆವು, ಆ ಒಂದು ಫ್ಲ್ಯಾಗ್ ಇಲ್ಲದೆ.

ತಕ್ಷಣಕ್ಕೆ ಮತ್ತೆ ಕಂಪೈಲ್ ಮಾಡಲಿಲ್ಲ. ಥ್ರೆಡ್‌ಗಳು ಶುರುವಾಗುವ ಮುಂಚೆ ಸ್ಟ್ಯಾಕ್ ಸೈಜ್ 1 ಎಂಬಿ ಅಂತ ಒಂದು ಸಾಲು ಸೇರಿಸಿ ಓಡಿಸಿದೆ. ಪ್ರೋಗ್ರಾಮ್ ಸಾಯಲಿಲ್ಲ. ಲಾಗ್‌ನಲ್ಲಿ ರಿಕರ್ಷನ್ ಎರರ್ ಬಂತು, ಜೊತೆಗೆ ವಿಭಾಗದ ಹೆಸರೂ ಬಂತು. ಒಂದು ಎರರ್ ನೋಡಿ ಇಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ಲ್ಯಾಪ್‌ಟಾಪ್‌ನ ಹಳೆಯ ಲಾಗ್ ತೆಗೆದು ನೋಡಿದೆ. ಅಲ್ಲೂ ಅದೇ ಸಾಲು ಇತ್ತು. ನನ್ನ ಕೋಡ್ ಆ ಎರರ್ ಹಿಡಿದು, ಬರೆದಿಟ್ಟು, ಮುಂದಿನ ಪುಸ್ತಕಕ್ಕೆ ಹೋಗಿತ್ತು. ಸಲೀಸಾಗಿ ಮುಗಿಯುತ್ತಿದೆ ಅಂತ ನಾನು ನಂಬಿದ್ದು ಹೀಗೆ.

ಪಟ್ಟಿಯಲ್ಲಿ ‘ಕಥೆ’ ವಿಭಾಗ ‘ಮಕ್ಕಳ ಪುಸ್ತಕ’ದ ಕೆಳಗಿತ್ತು. ‘ಮಕ್ಕಳ ಪುಸ್ತಕ’ ಮತ್ತೆ ‘ಕಥೆ’ಯ ಕೆಳಗಿತ್ತು. ಒಂದನ್ನೊಂದು ಹುಡುಕುತ್ತಾ ಕೋಡ್ ಸುತ್ತುತ್ತಲೇ ಇತ್ತು. ಈ ತಪ್ಪು ನಮ್ಮ ಪಟ್ಟಿಯದೇ, ಒಪ್ಪುತ್ತೇನೆ. ಆದರೆ ಅದಕ್ಕಾಗಿ ಇಂಟರ್‌ಪ್ರಿಟರ್ ಉಸಿರೆತ್ತದೆ ಸಾಯಬಾರದಿತ್ತು.

ಈಗ ಬಿಲ್ಡ್ ಫೈಲ್‌ನಲ್ಲಿ ಆ ಫ್ಲ್ಯಾಗ್ ಇದೆ. ಅದರ ಮೇಲೆ ಕಾರಣವನ್ನು ಕನ್ನಡದಲ್ಲೇ ಎರಡು ಸಾಲು ಬರೆದಿದ್ದೇನೆ. ಯಾವ ವಿಭಾಗ ಮೇಲಿರಬೇಕು ಅಂತ ಗ್ರಂಥಾಲಯಕ್ಕೆ ಫೋನ್ ಮಾಡಿ ಕೇಳಿದೆ. ಮಕ್ಕಳದ್ದೇ ಮೇಲಿರಲಿ ಅಂದರು.