ಬಾಯಿ ಸೊಟ್ಟಗಾದರೆ ಕಿವಿಯನ್ನೂ ನೋಡಿ

ಕೇಳುಗರಿಗೆ ನಮಸ್ಕಾರ.

ಮಗು ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುತ್ತದೆ, ನೀರು ಒಂದು ಕಡೆಯಿಂದ ಸುರಿದುಹೋಗುತ್ತದೆ. ನಕ್ಕರೆ ತುಟಿ ಒಂದೇ ಪಕ್ಕಕ್ಕೆ ಎಳೆಯುತ್ತದೆ. ಕಣ್ಣು ಮುಚ್ಚು ಅಂದರೆ ಒಂದು ಮುಚ್ಚುತ್ತದೆ, ಇನ್ನೊಂದರ ಗುಡ್ಡೆ ಮೇಲಕ್ಕೆ ಹೊರಳಿ ಬಿಳಿ ಭಾಗವಷ್ಟೇ ಕಾಣುತ್ತದೆ. ರಾತ್ರಿ ಮಲಗುವಾಗ ಸರಿಯಿದ್ದ ಮುಖ! ಲಕ್ವ ಹೊಡೆಯಿತೇ ಎಂದು ಹೆತ್ತವರ ಎದೆ ಧಸಕ್ಕೆನ್ನುತ್ತದೆ.

ಹುಬ್ಬೆತ್ತು ಅನ್ನಿ. ಹಣೆಯ ಎರಡೂ ಕಡೆ ನೆರಿಗೆ ಮೂಡಿ ಬಾಯಿ ಮಾತ್ರ ಸೊಟ್ಟಗಿದ್ದರೆ ತೊಂದರೆ ಮಿದುಳಿನದ್ದಿರಬಹುದು, ಒಂದು ಗಳಿಗೆಯೂ ತಡಮಾಡಬಾರದು. ಅರ್ಧ ಹಣೆಯೂ ನುಣ್ಣಗಿದ್ದರೆ ಕೆಟ್ಟಿರುವುದು ಬಹುಮಟ್ಟಿಗೆ ಮುಖದ ನರವೇ. ಆಗಲೂ ಅದೇ ದಿನ ವೈದ್ಯರಿಗೆ ತೋರಿಸಬೇಕು.

ಈ ನರದ ದಾರಿ ಸ್ವಲ್ಪ ಎಡವಟ್ಟಿನದು. ಮಿದುಳಿನಿಂದ ಹೊರಟು, ಕಿವಿಯ ಮೂಳೆಯೊಳಗಿನ ಇಕ್ಕಟ್ಟಾದ ಸುರಂಗದಲ್ಲಿ, ನಡುಗಿವಿಯ ಗೋಡೆಗೆ ತಾಗಿಕೊಂಡೇ ಸಾಗಿ ಮುಖಕ್ಕೆ ಬರುತ್ತದೆ. ಊದಿಕೊಂಡರೆ ಹಿಗ್ಗಲು ಜಾಗವಿಲ್ಲ, ಒತ್ತಡ ಬಿದ್ದು ಕೆಲಸ ನಿಲ್ಲಿಸುತ್ತದೆ. ಕೆಲವರಲ್ಲಂತೂ ಆ ಸುರಂಗದ ಮೂಳೆ ಅಲ್ಲಲ್ಲಿ ಹುಟ್ಟಿನಿಂದಲೇ ಬಿಟ್ಟುಹೋಗಿರುತ್ತದೆ. ನಡುಗಿವಿಯಲ್ಲಿ ಕೀವು ತುಂಬಿದರೆ ಬಿಸಿ ನೇರ ನರಕ್ಕೇ ತಟ್ಟುತ್ತದೆ. ಅದಕ್ಕೇ ವಾರದಿಂದ ಕಿವಿನೋವಿತ್ತೇ, ಕಿವಿ ಸೋರಿತ್ತೇ ಎಂದು ಕೇಳುವುದು. ಇದಕ್ಕೆ ಆಂಟಿಬಯಾಟಿಕ್ ಕೊಡುತ್ತಾರೆ, ಕೆಲವೊಮ್ಮೆ ತಮಟೆಗೆ ಸಣ್ಣ ರಂಧ್ರ ಮಾಡಿ ಕೀವನ್ನೂ ತೆಗೆಯುತ್ತಾರೆ. ಕಿವಿಯ ಹಿಂದೆ ಕೆಂಪಗೆ ಊದಿ ಕಿವಿ ಮುಂದಕ್ಕೆ ಬಾಗಿದ್ದರೆ ಸೋಂಕು ಮೂಳೆಗೇ ಇಳಿದಿದೆ ಎಂದರ್ಥ.

ಕಿವಿಯ ಹಾಲೆಯಲ್ಲೋ ಅಂಗುಳಲ್ಲೋ ನೀರ್ಗುಳ್ಳೆ ಕಂಡರೆ ಕಥೆ ಬೇರೆ. ಸೀತಾಳೆ ಸಿಡುಬಿನ ವೈರಸ್ ರೋಗ ವಾಸಿಯಾದ ಮೇಲೂ ನರದ ಗಂಟಿನಲ್ಲಿ ಅವಿತಿದ್ದು, ಸರ್ಪಸುತ್ತಾಗಿ ಏಳುತ್ತದೆ. ಅಮೆರಿಕದ ನರವೈದ್ಯ ರಾಮ್ಸೆ ಹಂಟ್ 1907ರಲ್ಲಿ ಇದನ್ನು ವಿವರಿಸಿದ. ಮಕ್ಕಳಲ್ಲಿ ಗುಳ್ಳೆ ತಡವಾಗಿ ಬರುವುದುಂಟು, ಹಾಗಾಗಿ ಇವತ್ತು ಇಲ್ಲದ ಗುಳ್ಳೆಯನ್ನು ನಾಳೆಯೂ ಹುಡುಕಿ. ಈ ವೈರಸ್ಸನ್ನು ತಡೆಯುವ ಔಷಧ ಅಸೈಕ್ಲೊವಿರ್ ಬೇಗ ಶುರುವಾದಷ್ಟೂ ಒಳ್ಳೆಯದು.

ಉತ್ತರ ಅಮೆರಿಕ, ಯುರೋಪಿನ ಕೆಲವು ಕಡೆ ಉಣ್ಣೆ ಹುಳು ಕಚ್ಚಿ ಬರುವ ಲೈಮ್ ರೋಗವನ್ನೇ ವೈದ್ಯರು ಮೊದಲು ಶಂಕಿಸುತ್ತಾರೆ. ಇದರಲ್ಲಿ ಮುಖದ ಎರಡೂ ಪಕ್ಕ ಸೋಲಬಹುದು. ಶುರುವಿನಲ್ಲಿ ರಕ್ತಪರೀಕ್ಷೆ ನೆಗೆಟಿವ್ ಬಂದರೂ ರೋಗ ಇಲ್ಲವೆಂದು ಹೇಳಲಾಗದು. ಮಂಗನ ಬಾವು, ಎಪ್‌ಸ್ಟೀನ್-ಬಾರ್ ವೈರಸ್‌ಗಳೂ ಅಪರೂಪಕ್ಕೆ ಹೀಗೆ ಮಾಡುತ್ತವೆ.

ಏನೂ ಸಿಗದಿದ್ದಾಗ ಹೇಳುವ ಹೆಸರು ಬೆಲ್ಸ್ ಪಾಲ್ಸಿ. ನನ್ನ ತಕರಾರು ಇಷ್ಟೇ: ಹುಡುಕುವ ಮೊದಲೇ ಆ ಚೀಟಿ ಅಂಟಿಸುತ್ತಾರೆ. ಮಗುವಿನ ರಕ್ತದೊತ್ತಡ ನೋಡಿರುವುದಿಲ್ಲ, ಮೈ ಬಿಳಿಚಿದೆಯೇ, ಎಲ್ಲಾದರೂ ಕಂದಿದೆಯೇ ಎಂದು ಕೇಳಿರುವುದಿಲ್ಲ. ರಕ್ತದ ಕ್ಯಾನ್ಸರ್ ಕೂಡ ಹೀಗೇ ಮುಖ ತೋರಿಸಬಲ್ಲದು, ಅಂಥಲ್ಲಿ ನರದ ಊತ ಇಳಿಸಲೆಂದು ಅವಸರದಲ್ಲಿ ಕೊಟ್ಟ ಸ್ಟೀರಾಯ್ಡ್ ನಿಜವಾದ ರೋಗವನ್ನೇ ಮರೆಮಾಚುತ್ತದೆ.

ಕಾರಣ ಯಾವುದೇ ಇರಲಿ, ಮುಚ್ಚದ ಕಣ್ಣು ಒಣಗಿ ಕರಿಗುಡ್ಡೆಗೆ ಗಾಯವಾಗುತ್ತದೆ. ಹಗಲು ಕಣ್ಣೀರಿನಂಥ ಹನಿ, ರಾತ್ರಿ ಮುಲಾಮು ಹಾಕಿ, ರೆಪ್ಪೆ ಮುಚ್ಚಿ ಟೇಪ್ ಅಂಟಿಸಬೇಕು. ಟೇಪ್ ಹೇಗೆ ಅಂಟಿಸುವುದೆಂದು ವೈದ್ಯರ ಬಳಿಯೇ ಒಮ್ಮೆ ಮಾಡಿಸಿಕೊಂಡು ಕಲಿಯಿರಿ. ಹೆಚ್ಚಿನ ಮಕ್ಕಳ ಮುಖ ವಾರಗಳಲ್ಲೋ ಕೆಲವು ತಿಂಗಳಲ್ಲೋ ಸರಿಹೋಗುತ್ತದೆ. ಸರ್ಪಸುತ್ತಿನದ್ದು ಮಾತ್ರ ತುಸು ಹಟಮಾರಿ.

ನಮಸ್ಕಾರ.