ಪೇಟೆಯ ಬೀದಿಗಳನ್ನು ಬಟ್ಟೆಗಿಳಿಸುವುದು

ಕೇಳುಗರಿಗೆ ನಮಸ್ಕಾರ.

ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ಬಳೇಪೇಟೆ. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಬೀದಿಯ ಹೆಸರೇ ಕಸುಬನ್ನೂ ಜನರನ್ನೂ ಹೇಳುತ್ತದೆ. ಅದಕ್ಕೇ ಇರಬೇಕು, ನಗರದ ಸಮುದಾಯಗಳ ಪ್ರದರ್ಶನಕ್ಕೆ ಹೊರಟವರು ಗೋಡೆಗೊಂದು ಜಾತಿಯನ್ನು ಹಂಚಿಬಿಡುತ್ತಾರೆ. ಕೆಡುವುದು ಅಲ್ಲೇ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ತಿಗಳರ ಕರಗ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಇದು ಯಾವ ಗೋಡೆಗೆ ಸೇರಬೇಕು?

ಗೋಡೆ ಬಿಟ್ಟು ನಕ್ಷೆಯಿಂದ ಶುರುಮಾಡಿ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಬಡಾವಣೆಯನ್ನು 1966ರಲ್ಲಿ ಬಿಳಿಯರಿಗಷ್ಟೇ ಎಂದು ಸಾರಿ, 60,000ಕ್ಕೂ ಹೆಚ್ಚು ಜನರನ್ನು ಒಕ್ಕಲೆಬ್ಬಿಸಿದರು. 1994ರಲ್ಲಿ ತೆರೆದ ಅಲ್ಲಿನ ಮ್ಯೂಸಿಯಂ ನೆಲದ ಮೇಲೆ ಬೀದಿಗಳ ನಕ್ಷೆ ಹಾಸಿತು. ಮನೆ ಕಳೆದುಕೊಂಡವರು ಬಂದು, ತಮ್ಮ ಮನೆ ಇದ್ದ ಜಾಗದಲ್ಲಿ ಹೆಸರು ಬರೆದರು. ಬಟ್ಟೆಯ ಮೇಲೂ ಬರೆದರು. ಶಾಯಿ ಮಾಸುತ್ತದೆಂದು ಆ ಅಕ್ಷರಗಳ ಮೇಲೆ ದಾರದ ಕಸೂತಿ ಬಂತು.

ನಮ್ಮ ಪೇಟೆಗೂ ಇದು ಹೊಂದುತ್ತದೆ. ದಪ್ಪ ಕೋರಾ ಬಟ್ಟೆ ತಂದು, ಗಂಜಿ ಪೂರ್ತಿ ಹೋಗುವಂತೆ ಒಗೆಯಿರಿ. ಗಂಜಿ ಉಳಿದರೆ ಹುಳು ಬೀಳುತ್ತದೆ. ಬೀದಿಗಳನ್ನಷ್ಟೇ ಬರೆದು, ಮನೆಗಳ ಜಾಗ ಖಾಲಿ ಬಿಡಿ. ನೀರಿಗೆ ಹರಡದ ಪಿಗ್ಮೆಂಟ್ ಶಾಯಿಯ ಪೆನ್ನು ಕೊಡಿ. ಬಾಡಿಗೆಗೆ ಇದ್ದವರನ್ನೂ, ಕೂಲಿಗೆ ಬರುತ್ತಿದ್ದವರನ್ನೂ ಕರೆಯಿರಿ. ಮನೆಯ ಮಾಲೀಕರನ್ನಷ್ಟೇ ಕೇಳಿದರೆ ಮಗ್ಗದ ಮುಂದೆ ಕೂತವರು ನಕ್ಷೆಗೆ ಬರುವುದೇ ಇಲ್ಲ. ಕೊನೆಗೆ ಕರಗದ ದಾರಿಯನ್ನು ಬೇರೆ ಬಣ್ಣದ ದಾರದಲ್ಲಿ ಹೊಲಿಯಿರಿ. ದಂಡಿನ ಪ್ರದೇಶವನ್ನು, ಅಂದರೆ ಕಂಟೋನ್ಮೆಂಟನ್ನು, ಮರೆಯಬೇಡಿ. 1949ರವರೆಗೆ ಅದರ ಆಡಳಿತವೇ ಬೇರೆ ಇತ್ತು. ಅಲ್ಲಿಯ ಫಲಕಗಳು ತಮಿಳು, ಉರ್ದುವಿನಲ್ಲೂ ಇರಲಿ.

ಜನ ರೇಷ್ಮೆ ಸೀರೆ ತಂದುಕೊಟ್ಟರೆ ಜಾಗ್ರತೆ. ಬೆಳಕು 50 ಲಕ್ಸ್ (ಬೆಳಕಿನ ಅಳತೆ) ಮೀರಬಾರದು, ಮೂರು ತಿಂಗಳಿಗೆ ತೆಗೆದು ಬೇರೆಯದನ್ನಿಡಿ. ಬೆಳಕಿನಿಂದಾದ ಹಾನಿ ಮತ್ತೆ ಸರಿಹೋಗದು. ಮಡಿಚಿಟ್ಟ ಜರಿ ಮಡಿಕೆಯ ಗುಂಟ ಸೀಳುತ್ತದೆ. ಆಮ್ಲವಿಲ್ಲದ ಕಾಗದ ಹೊದಿಸಿದ ಕೊಳವೆಗೆ ಸುತ್ತಿಡಬೇಕು. ಕೊಟ್ಟವರಿಗೆ ರಸೀದಿ ಬರೆದುಕೊಡಿ: ಯಾವ ವಸ್ತು, ಎಲ್ಲಿ ಹರಿದಿದೆ, ಯಾವಾಗ ವಾಪಸು. ಜೊತೆಗೊಂದು ಫೋಟೋ. ಇದಿಲ್ಲದೆ ಮನಸ್ತಾಪ ಬೆಳೆದರೆ ಆ ಬೀದಿಯ ಬಾಗಿಲು ಮತ್ತೆ ತೆರೆಯುವುದು ಕಷ್ಟ.

ಫಲಕಕ್ಕೆ 60 ಪದ ಸಾಕು. ಅಚ್ಚಿಗೆ ಕೊಡುವ ಮೊದಲು, ವಸ್ತು ಕೊಟ್ಟ ಮನೆಯವರ ಮುಂದೆ ಗಟ್ಟಿಯಾಗಿ ಓದಿ. ತಮ್ಮನ್ನು, ತಮ್ಮ ಹತ್ಯಾರವನ್ನು ಅವರು ಯಾವ ಹೆಸರಿನಿಂದ ಕರೆಯುತ್ತಾರೋ ಆ ಹೆಸರೇ ಅಚ್ಚಾಗಲಿ.

ನಮಸ್ಕಾರ.